ಭಾಲ್ಕಿಯ ಅಮೆರಿಕ, ಔರಾದದ ತುರ್ಕಿ

ಮೊದಲನೆಯ ಮಹಾಯುದ್ಧದ ಹೊತ್ತಿಗೆ ತುರ್ಕಿ ದೇಶ ಅಮೆರಿಕದೊಡನೆ ರಾಯಭಾರ ಸಂಬಂಧ ಕಡಿದುಕೊಂಡಿತಲ್ಲ, ಅದರ ಪೂರಾ ತೊಂದರೆ ಅನುಭವಿಸಿದವಳು ನಾನು! ಅದೂ ಭಾಲ್ಕಿಯಲ್ಲಿ, ಮೂವತ್ತು ವರ್ಷ ತಡವಾಗಿ, ಕೈಯಲ್ಲಿ ಚಹಾದ ಕಪ್ಪು ಹಿಡಿದುಕೊಂಡು. ನಗಬೇಡಿ. ಇದಕ್ಕೆಲ್ಲ ಕಾರಣ ನಮ್ಮ ಕಾಕಾ, ಅಂದರೆ ಅಪ್ಪನ ತಮ್ಮ.

ಕಾಕಾನದು ಬಜಾರಿನಲ್ಲಿ ಬಟ್ಟೆ ಅಂಗಡಿ, ಹಿಂದೆಯೇ ನಮ್ಮ ಮನೆ. ಎರಡನೆಯ ಯುದ್ಧ ಮುಗಿದಾಗ ಸಿಕಂದರಾಬಾದಿಗೆ ಹೋದವನು ಅಮೆರಿಕದ ಸಿಪಾಯಿಯದಂತೆ ಎಂದು ಒಂದು ಉಣ್ಣೆಯ ಕೋಟು ಕೊಂಡು ತಂದ. ನಮ್ಮೂರ ಬೇಸಿಗೆ ನಿಮಗೆ ಗೊತ್ತಲ್ಲ? ಹಣೆಯ ವಿಭೂತಿ ಬೆವರಿಗೆ ಕರಗಿ ಮೂಗಿನ ತುದಿಗೆ ಇಳಿದರೂ ಪುಣ್ಯಾತ್ಮ ಕೋಟು ಬಿಚ್ಚಲಿಲ್ಲ. "ಥಂಡಿಜ್ವರ ಬಂದದೇನ್ರಿ ಸಾವಕಾರ?" ಎಂದು ಗಿರಾಕಿಗಳು ಕೇಳಿ ಕೇಳಿ ಸುಸ್ತಾದರು.

ಎದುರುಮನೆಯಲ್ಲಿ ಬಾಡಿಗೆಗಿದ್ದವರು ಉರ್ದು ಸಾಲೆಯ ಮಾಸ್ತರರು. ಔರಾದದವರು. ತಾಯಿ, ಹೆಂಡತಿ ಅಲ್ಲೇ ಇದ್ದರು, ಇಲ್ಲಿ ಇವರೊಬ್ಬರೇ. ಆ ಕಾಲದ ಹೈದರಾಬಾದ್ ಸಂಸ್ಥಾನದ ರೂಢಿಯಂತೆ ತಲೆಯ ಮೇಲೆ ಕಪ್ಪು ಗೊಂಡೆಯ ಕೆಂಪು ತುರ್ಕಿ ಟೋಪಿ. ಒಬ್ಬರ ಮೈಮೇಲೆ ಅಮೆರಿಕ, ಇನ್ನೊಬ್ಬರ ತಲೆಯ ಮೇಲೆ ತುರ್ಕಿ! ದಿನಾ ಸಂಜೆ ಉರ್ದು ಪತ್ರಿಕೆ ಓದುತ್ತಾ ಓದುತ್ತಾ ಇಬ್ಬರೂ ಆ ಎರಡು ದೇಶಗಳನ್ನೇ ಹಂಚಿಕೊಂಡುಬಿಟ್ಟರು.

ಒಮ್ಮೆ ದೊಡ್ಡ ಸುದ್ದಿ ಬಂತು. ಅಮೆರಿಕದಲ್ಲಿ ತೀರಿಕೊಂಡಿದ್ದ ತುರ್ಕಿಯ ರಾಯಭಾರಿಯ ದೇಹವನ್ನು ಅಮೆರಿಕವೇ ಯುದ್ಧದ ಹಡಗಿನಲ್ಲಿ ಅವರ ದೇಶಕ್ಕೆ ಮುಟ್ಟಿಸಿತಂತೆ. ಕಾಕಾ ತಾನೇ ಹಡಗು ಕಳಿಸಿದವನಂತೆ ಬಜಾರಿಗೆಲ್ಲ ಪೇಡೆ ಹಂಚಿದ.

"ಮಾಸ್ತರಸಾಬ, ನಿಮಗೇನರ ಆದ್ರ ನಾನೂ ಜಹಾಜದಾಗ ಔರಾದಕ್ಕ ಮುಟ್ಟಸ್ತೇನಿ!"

"ಔರಾದಕ್ಕ ಮೋಟಾರೇ ನೆಟ್ಟಗ ಹೋಗಂಗಿಲ್ರಿ ಸಾವಕಾರ, ಜಹಾಜು ಎಲ್ಲಿಂದ ತರ್ತೀರಿ?"

"ಅದು ಅಮೆರಿಕಾದ ಚಿಂತಿ. ನೀವು ಸುಮ್ಮನ ಸಾಯ್ರಿ!"

ಬಜಾರಿಗೆ ಬಜಾರೇ ನಕ್ಕಿತು. ನಾನೂ ನಕ್ಕೆ.

ಇಷ್ಟು ಸ್ನೇಹವಿದ್ದ ಮೇಲೆ ಜಗಳ ಬೇಡವೇ? ಮಾಸ್ತರರು ಒಂದು ದಿನ, "ನಮ್ಮ ಔರಾದದ ರೊಟ್ಟಿ ಮುಂದ ನಿಮ್ಮ ಭಾಲ್ಕಿ ರೊಟ್ಟಿ ಏನೂ ಇಲ್ಲ ಬಿಡ್ರಿ" ಅಂದುಬಿಟ್ಟರು. ಕಾಕಾ ಕೋಟಿನ ಗುಂಡಿ ಹಾಕಿಕೊಂಡು ಎದ್ದು ನಿಂತ. "ಇವತ್ತಿನಿಂದ ಸಂಬಂಧ ಬಂದ್!" ಹಿಂದೆ ಹೀಗಾದಾಗ ತುರ್ಕಿಯಲ್ಲಿ ಅಮೆರಿಕದ ಕೆಲಸ ನೋಡಿಕೊಂಡದ್ದು ಸ್ವೀಡನ್ ದೇಶವಂತೆ. ನಮ್ಮ ಬೀದಿಯಲ್ಲಿ ಸ್ವೀಡನ್ ಯಾರು? ನಾನೇ!

"ಸ್ವೀಡನ್, ಚಹಾ ಬೇಕೇನು ಕೇಳು ಅವರಿಗಿ."

"ಬೇಕು ಅಂತ ಹೇಳು ಬೇಟಿ. ಸಕ್ಕರಿ ಜರಾ ಕಮ್ಮಿ."

"ಕೇಳಿಸ್ತಲ್ಲ ಕಾಕಾ?"

"ನನಗ ಹ್ಯಾಂಗ ಕೇಳಿಸ್ತದ? ಸಂಬಂಧ ಇಲ್ಲ!"

ಆ ದೇಶಗಳು ಸಂಬಂಧ ಕಡಿದುಕೊಂಡರೂ ಯುದ್ಧವನ್ನು ಮಾತ್ರ ಸಾರಲಿಲ್ಲವಂತೆ. ಇವರೂ ಸಾರಲಿಲ್ಲ. ಸಂಸ್ಥಾನದ ಪರವೆಂದು ಬಂದೂಕು ಹಿಡಿದು ಊರೂರು ಸುತ್ತುತ್ತಿದ್ದ ಗುಂಪೊಂದು ಕಾಕಾನ ಅಂಗಡಿ ಲೂಟಿಗೆ ಬಂದ ದಿನ, ಸಂಬಂಧ ಇಲ್ಲದ ಮಾಸ್ತರರೇ ಕೆಂಪು ಟೋಪಿ ಇಟ್ಟುಕೊಂಡು ಬಾಗಿಲಿಗೆ ಅಡ್ಡ ನಿಂತರು. "ಮೊದಲ ನನಗ ಹೊಡೀರಿ" ಎಂದರು. ಗುಂಪು ಹಿಂದಿರುಗಿತು. ಕಾಕಾ ಏನೆಂದ ಗೊತ್ತೇ? "ಸ್ವೀಡನ್, ಇವತ್ತ ಅವರ ಚಹಾಕ್ಕ ಶುಂಠಿ ಹಾಕು." ಅಷ್ಟೇ!

ಆಮೇಲೆ ಪೊಲೀಸ್ ಆ್ಯಕ್ಷನ್ ಆಯಿತು. ಬೀದರಕ್ಕೆ ಫೌಜು ಬಂತು, ಸಂಸ್ಥಾನ ಮುಗಿಯಿತು. ನಿನ್ನೆಯವರೆಗೆ ಸಲಾಮು ಹೊಡೆಸಿಕೊಳ್ಳುತ್ತಿದ್ದ ಟೋಪಿಯೇ ಈಗ ಜೀವಕ್ಕೆ ಕುತ್ತಾಯಿತು. ಯಾರದೋ ಸೇಡನ್ನು ಯಾರದೋ ಮೇಲೆ ತೀರಿಸಿಕೊಳ್ಳುವ ದಿನಗಳು ಅವು.

"ಸ್ವೀಡನ್, ನಮ್ಮ ಮನ್ಯಾಗ ಬಂದು ಇರ್ಲಿಕ್ಕ ಹೇಳು ಅವರಿಗಿ."

ಓಡಿದೆ. ಮಾಸ್ತರರು ನಕ್ಕರು. "ಸ್ವೀಡನ್ ಕರದ್ರ ಹ್ಯಾಂಗ ಬರ್ಲಿ ಬೇಟಿ? ಅಮೆರಿಕಾನೇ ಬಂದು ಕರೀಲಿ, ಬರ್ತೇನಿ."

ಬಂದು ಹೇಳಿದರೆ ಕಾಕಾನೂ ನಕ್ಕ. "ಮೊದಲ ರೊಟ್ಟಿ ಮಾತು ವಾಪಸ್ ತಗೊಳ್ಲಿ ಅಂತ ಹೇಳು, ಹೋಗು."

ಅಯ್ಯೋ, ಅದೇನು ಆಟ! ನಾನು ಹೊಸ್ತಿಲು ದಾಟುವಷ್ಟರಲ್ಲಿ ಬೀದಿಯ ತುದಿಯಿಂದ ಗದ್ದಲ ಎದ್ದಿತು. ಕಾಕಾ ನನ್ನನ್ನು ಒಳಕ್ಕೆ ತಳ್ಳಿ ಓಡಿದ. ನಡುವೆ ಜನ ತುಂಬಿಕೊಂಡರು. ಅವರನ್ನು ಸೀಳಿಕೊಂಡು ಆ ಬದಿಗೆ ಮುಟ್ಟಿದಾಗ ಮಾಸ್ತರರು ತಮ್ಮ ಕಟ್ಟೆಯ ಮೇಲೆ ಬಿದ್ದಿದ್ದರು, ಉಸಿರಿರಲಿಲ್ಲ. ಎದುರುಮನೆ ಎಂದರೆ ಎಷ್ಟು ದೂರ ಹೇಳಿ? ಅಷ್ಟನ್ನು ದಾಟಲು ಕಾಕಾನಿಗೆ ಆಗಲೇ ಇಲ್ಲ.

ಮರುದಿನ ಬೆಳಿಗ್ಗೆ ಕಾಕಾ ಎತ್ತಿನ ಬಂಡಿ ಕಟ್ಟಿಸಿದ. ಬೇಡ, ನಿನ್ನನ್ನೂ ಉಳಿಸುವುದಿಲ್ಲ ಎಂದು ಎಲ್ಲರೂ ಕೈ ಹಿಡಿದು ಜಗ್ಗಿದರು. ಕಾಕಾ ಕೋಟು ಬಿಚ್ಚಿ ಮಾಸ್ತರರಿಗೆ ಹೊದಿಸಿದ, ಟೋಪಿಯನ್ನು ತನ್ನ ಮಡಿಲಲ್ಲಿ ಇಟ್ಟುಕೊಂಡ. ಊರ ಬಾಗಿಲಲ್ಲಿ ಬಡಿಗೆ ಹಿಡಿದವರು ತಡೆದು "ಯಾರ ಹೆಣರಿ?" ಎಂದರೆ, "ತುರ್ಕಿ ರಾಯಭಾರಿದು" ಎಂದನಂತೆ. ತಲೆ ಕೆಟ್ಟಿದೆ ಎಂದು ದಾರಿ ಬಿಟ್ಟರಂತೆ.

ಮೂರನೆಯ ದಿನ ಬರಿದಾದ ಬಂಡಿಯಲ್ಲಿ ಕಾಕಾ ಮರಳಿದ. ನೆಟ್ಟಗೆ ಹೋಗಿ ಮಲಗಿದ. ಹೇಳಿದವನು ಬಂಡಿಯವನು: "ಔರಾದ ಬರೋತನಾ ಬಾಯಿ ಮುಚ್ಚಲಿಲ್ಲವ್ವಾ ನಿಮ್ಮ ಕಾಕಾ. ಆ ಹೆಣದ ಕೂಡನೇ ಮಾತು. ರೊಟ್ಟಿ ನಿಮ್ಮೂರದೇ ಛಲೋ ಮಾಸ್ತರಸಾಬ, ನಿಮ್ಮೂರದೇ ಛಲೋ, ಏಳ್ರಿ ಅಂತ ಒಂದೇ ಸಮ ಅಳ್ತಿದ್ರು."

ಆಮೇಲೆ ಕಾಕಾ ನನ್ನನ್ನು ಸ್ವೀಡನ್ ಎಂದು ಕರೆಯಲಿಲ್ಲ.