ಸಾಕೆಟ್ಟಿನ ಕುಂಕುಮ

ಲಾರಿಯ ಚಾಲಕನಿಗೆ ಬೆನ್ನ ಹಿಂದೆ ಕಣ್ಣಿರುವುದಿಲ್ಲ ಎಂಬ ಸಂಗತಿಯು ಸಾವಿರದ ಒಂಬೈನೂರ ಮೂವತ್ತನಾಲ್ಕನೇ ಇಸವಿಯಲ್ಲಿ ಮೈಸೂರಿನ ಜಲ್ಲಿ ಸಾಗಾಣಿಕೆ ಕಚೇರಿಯ ಕಡತದಲ್ಲಿ ಮೊದಲ ಬಾರಿಗೆ ದಾಖಲಾಯಿತು.

ಆ ಕಚೇರಿಗೆ ಒಂದು ಲಾರಿ, ಅದರ ಹಿಂದೆ ಎಳೆದುಕೊಂಡು ಹೋಗುವ ಒಂದು ಟ್ರೇಲರು ಇದ್ದವು. ಟ್ರೇಲರಿನ ಬೆನ್ನಿಗೆ ಒಂದು ಕೆಂಪು ದೀಪ. ಅದು ಹತ್ತಬೇಕಾದರೆ ಟ್ರೇಲರಿನ ತಂತಿಯ ತುದಿಯಲ್ಲಿದ್ದ ಪ್ಲಗ್ಗನ್ನು ಲಾರಿಯ ಹಿಂಬದಿಯ ಎರಡು ತೂತಿನ ಸಾಕೆಟ್ಟಿಗೆ ಚುಚ್ಚಬೇಕು. ಆಯುಧಪೂಜೆಯಾದ ಮಾರನೆಯ ದಿನದಿಂದ ಎಷ್ಟು ಚುಚ್ಚಿದರೂ ದೀಪ ಹತ್ತಲಿಲ್ಲ. ಕೆಸರೆಯಿಂದ ಜಲ್ಲಿ ತುಂಬಿಕೊಂಡು ಬರುವಾಗ ದಿನವೂ ಕತ್ತಲಾಗುತ್ತಿತ್ತು. ಮೊದಲ ಸಂಜೆ ಪೊಲೀಸಿನವರು ಹಿಡಿದು ಹೇಳಿದಾಗಲೇ ಚಾಲಕ ಆರೋಗ್ಯಪ್ಪನಿಗೆ ವಿಷಯ ಗೊತ್ತಾದದ್ದು. ಅವನು ಹೊಸ ಬಲ್ಬು ಹಾಕಿದ. ಮಾರನೆಯ ಸಂಜೆ ಮತ್ತೆ ಹಿಡಿದರು. ಮೂರನೆಯ ಸಲ ಸಿಕ್ಕಿಬಿದ್ದರೆ ಲೈಸೆನ್ಸು ರದ್ದು. ಹನ್ನೊಂದು ವರ್ಷ ಒಂದು ಕೋಳಿಮರಿಯನ್ನೂ ತುಳಿಯದ ಮನುಷ್ಯ ಆತ. ಲಾರಿ ಓಡಿಸುವುದು ಬಿಟ್ಟರೆ ಬೇರೆ ಕೆಲಸ ಬರುತ್ತಿರಲಿಲ್ಲ.

ಮೆಕ್ಯಾನಿಕ್ ಮಹದೇವು ಬ್ಯಾಟರಿ ನೋಡಿದ, ಸರಿಯಿತ್ತು. ತಂತಿಯನ್ನು ಮೊಳ ಮೊಳವಾಗಿ ತಡವಿದ, ಎಲ್ಲೂ ತುಂಡಾಗಿರಲಿಲ್ಲ. ಕೊನೆಗೆ ಪ್ಲಗ್ಗು ಕಿತ್ತು ಸಾಕೆಟ್ಟಿನೊಳಗೆ ಇಣುಕಿದ.

"ಅಣ್ಣೋ, ಇಲ್ನೋಡು. ತೂತಿನ್ ತುಂಬ ಗಂಧ, ಮ್ಯಾಲೆ ಕುಂಕುಮ. ಒಣಗಿ ಕಲ್ಲಾಗ್ಬುಟ್ಟದೆ. ಕರೆಂಟು ಎಂಗೆ ದಾಟ್ತದೆ?"

ಬ್ಯಾಟರಿಯಲ್ಲಿ ದೋಷವಿರಲಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡಲೊಲ್ಲ ಎಂಬ ಹಾಗಾಗಿತ್ತು. "ಅಷ್ಟೇನಾ!" ಎಂದು ಆರೋಗ್ಯಪ್ಪನ ಜೀವ ಹಗುರಾಯಿತು. ಒಂದು ಮೊಳೆ ಹುಡುಕಿ ತಂದು ತೂತಿಗೆ ಹಾಕುವಷ್ಟರಲ್ಲಿ "ಮುಟ್ಟಬೇಡ!" ಎಂದು ಸೂಪರಿಂಟೆಂಡೆಂಟ್ ರಾಮಯ್ಯನವರು ಜಗಲಿಯಿಂದ ಕೂಗಿದರು.

ಪೂಜೆಯ ದಿನ ರಾಮಯ್ಯನವರು ಸ್ವತಃ ಮಡಿಯುಟ್ಟು, ದಾಸ್ತಾನು ಪುಸ್ತಕ ತೆರೆದಿಟ್ಟುಕೊಂಡು, ಅದರಲ್ಲಿದ್ದ ಒಂದೊಂದು ಪದಾರ್ಥಕ್ಕೂ ಗಂಧ ಕುಂಕುಮ ಹಚ್ಚಿ ಗುರುತು ಹಾಕಿದ್ದರು. ಪುಸ್ತಕದಲ್ಲಿ 'ಸಾಕೆಟ್ಟು 1, ತೂತು 2' ಎಂದಿದ್ದುದರಿಂದ ತೂತುಗಳಿಗೆ ಬೇರೆಯಾಗಿಯೇ ಸಲ್ಲಿಸಿದ್ದರು.

"ಅದು ಸರ್ಕಾರಿ ಪೂಜೆ ಕಣಯ್ಯ" ಎಂದರು. "ಅಪ್ಪಣೆ ಪಡೆದು ಹಚ್ಚಿದ ಕುಂಕುಮ, ಅಪ್ಪಣೆ ಇಲ್ಲದೆ ತೆಗೆಯೋದು ಹೇಗೆ? ಅದೂ ನೀನು ಚರ್ಚಿಗೆ ಹೋಗೋನು. ನಾಳೆ ಯಾರಾದರೂ ಒಂದು ಮಾತು ಅಂದರೆ? ನಿನ್ನ ಒಳ್ಳೇದಕ್ಕೇ ಹೇಳ್ತಿದೀನಿ."

"ಹಾಗಾದ್ರೆ ಮಹದೇವು ತೆಗೀಲಿ ಸ್ವಾಮಿ."

"ನಾನೊಲ್ಲೆ" ಎಂದ ಮಹದೇವು. "ರಿಪೇರಿ ಮಾಡೋನು ನಾನು. ದೇವ್ರ ಕುಂಕುಮ ಕೆರೆಯಾಕೆ ಬಂದೋನಲ್ಲ."

"ನೀವೇ ಹಚ್ಚಿದ್ದಲ್ವಾ ಸ್ವಾಮಿ, ನೀವೇ..."

"ಹಚ್ಚೋ ಅಧಿಕಾರ ನನಗಿದೆ. ಒರೆಸೋ ಅಧಿಕಾರ ಕೊಟ್ಟಿಲ್ಲ" ಎಂದು ರಾಮಯ್ಯನವರು ನಿಜವಾಗಿಯೂ ನೊಂದುಕೊಂಡು ಹೇಳಿದರು.

ಅಂದೇ ಗೋಡೆಗೆ ಪ್ರಕಟಣೆ ಬಿತ್ತು: "ಟ್ರೇಲರಿನ ದೀಪವು ಪೂಜಿತ ಸ್ಥಿತಿಯಲ್ಲಿರುವ ಕಾರಣ ಉರಿಯತಕ್ಕದ್ದಲ್ಲ. ಒರೆಸುವಿಕೆಗೆ ಮೇಲಿನಿಂದ ಅಪ್ಪಣೆ ಬರುವ ಪರ್ಯಂತ ಚಾಲಕನು ದೀಪವಿಲ್ಲದೆ ಹೋಗಕೂಡದು. ಜಲ್ಲಿಯನ್ನು ತಾರದೆಯೂ ಇರಕೂಡದು."

ಮನೆಯಲ್ಲಿ ಆರೋಗ್ಯಪ್ಪನ ಹೆಂಡತಿ ಸೂಸಮ್ಮ ಇದನ್ನು ಕೇಳಿ ಸೌಟು ಕೆಳಗಿಟ್ಟಳು. "ಹಿಂದೆ ಕೆಂಪು ದೀಪ ಇರ್ಬೇಕು ಅಂತ ತಾನೆ ಕಾನೂನು? ಕರೆಂಟಲ್ಲೇ ಉರೀಬೇಕು ಅಂತ ಬರೆದವ್ರಾ? ನಮ್ಮ ಲಾಂದ್ರ ತಗೊಂಡೋಗಿ, ಕೆಂಪು ಬಟ್ಟೆ ಸುತ್ತಿ."

ಲಾಂದ್ರವನ್ನು ಟ್ರೇಲರಿಗೆ ತೂಗುಹಾಕಿದರೆ ಕುಲುಕಾಟಕ್ಕೆ ಆರಿಹೋಗುತ್ತಿತ್ತು. ಯಾರಾದರೂ ಹಿಡಿದು ಕೂರಲಿ ಎಂದರೆ ಟ್ರೇಲರಿನಲ್ಲಿ ಜನ ಕೂರಬಾರದೆಂಬ ನಿಯಮವಿತ್ತು. ಆದ್ದರಿಂದ ಹಿಡಿದುಕೊಂಡು ಹಿಂದೆ ನಡೆಯಲು ಹುಚ್ಚಯ್ಯನನ್ನು 'ಹಂಗಾಮಿ ಹಿಂದೀಪ' ಎಂಬ ಹುದ್ದೆಗೆ ನೇಮಿಸಲಾಯಿತು. ಈ ಹುಚ್ಚಯ್ಯ ಕುಂಬಾರಕೊಪ್ಪಲಿನವನು. ಮೊದಲು ಕಚೇರಿಯ ಜಲ್ಲಿಯನ್ನು ಎತ್ತಿನ ಗಾಡಿಯಲ್ಲಿ ಹೊಡೆಯುತ್ತಿದ್ದವನು. ಲಾರಿ ಬಂದ ಮೇಲೆ ಗಾಡಿ ಮಾರಿ ಸುಮ್ಮನೆ ಕೂತಿದ್ದ.

ಅಂದಿನಿಂದ ಲಾರಿ ಹುಚ್ಚಯ್ಯನ ಕಾಲಿನ ವೇಗದಲ್ಲಿ ಚಲಿಸತೊಡಗಿತು. ಅವನು ಎಲೆಅಡಿಕೆಗೆ ನಿಂತರೆ ಲಾರಿಯೂ ನಿಲ್ಲುತ್ತಿತ್ತು. ಅವನ ಮಂಡಿ ಹಿಡಿದುಕೊಂಡ ವಾರ ಊರಿಗೆ ಜಲ್ಲಿ ಬರಲಿಲ್ಲ.

"ನಿನ್ ಲಾರಿ ಬಂದು ನನ್ ಗಾಡಿ ನಿಂತೋಯ್ತು" ಎಂದು ಹುಚ್ಚಯ್ಯ ಒಂದು ದಿನ ಹಿಂದಿನಿಂದ ಕೂಗಿ ಹೇಳಿದ. "ಈಗ್ನೋಡು, ನಿನ್ ಲಾರೀನೂ ಎತ್ತಿನ್ ನಡಿಗೇಲೇ ಓಯ್ತದೆ. ಬೇಜಾರ್ ಮಾಡ್ಕೋಬ್ಯಾಡ ಕಣಪ್ಪ."

ಆರೋಗ್ಯಪ್ಪನಿಗೆ ಬೇಜಾರಾಗಿತ್ತು, ಆದರೆ ಪೊಲೀಸಿನವರು ಹಿಡಿಯುವುದನ್ನು ಬಿಟ್ಟಿದ್ದರು.

ಹತ್ತು ತಿಂಗಳಿಗೆ ಮೇಲಿನಿಂದ ಉತ್ತರ ಬಂತು: "ಸದರಿ ಕುಂಕುಮದ ಬಣ್ಣ ಯಾವುದು?" ಕೆಂಪು ಎಂದು ಬರೆಯಲಾಯಿತು. "ಕಾನೂನು ಕೇಳುವುದೂ ಕೆಂಪನ್ನೇ ಆದ್ದರಿಂದ ಕುಂಕುಮವು ಯಥಾಸ್ಥಿತಿ ಇರಲಿ. ಹಿಂದೀಪವನ್ನು ಖಾಯಂ ಮಾಡಿದೆ" ಎಂದು ಅಪ್ಪಣೆಯಾಯಿತು.

ಮತ್ತೆ ಆಯುಧಪೂಜೆ ಬಂತು. ಪೂಜೆಗೆ ಮುಂಚೆ ಲಾರಿ ತೊಳೆಯುವುದು ಪದ್ಧತಿ. ಪದ್ಧತಿಗೆ ಯಾರ ಅಪ್ಪಣೆಯೂ ಬೇಡ. ಮಹದೇವು ಕೊಡಗಟ್ಟಲೆ ನೀರು ಹೊಯ್ದು ತಿಕ್ಕಿದ. ತೂತುಗಳಿಂದ ವರ್ಷದ ಗಂಧವೆಲ್ಲ ಕರಗಿ ಹರಿಯಿತು. ಒರೆಸಿ ಪ್ಲಗ್ಗು ಚುಚ್ಚಿದ. ಟ್ರೇಲರಿನ ಬೆನ್ನಿನಲ್ಲಿ ದೀಪ ಕೆಂಪಗೆ ಹತ್ತಿತು.

ಆರೋಗ್ಯಪ್ಪ ಶಿಲುಬೆ ಗುರುತು ಹಾಕಿಕೊಂಡ. ಕಣ್ಣಲ್ಲಿ ನೀರೇ ಬಂದಿತ್ತು. ರಾಮಯ್ಯನವರ ಮುಖ ಮಾತ್ರ ಬಿಳಿಚಿಕೊಂಡಿತು.

"ಒಂದು ಟ್ರೇಲರಿಗೆ ಒಂದೇ ಕೆಂಪು ದೀಪ ಅಂತಿದೆಯಲ್ಲಯ್ಯ. ಇದು ಒಂದು, ಹುಚ್ಚಯ್ಯ ಒಂದು. ಎರಡು ಕಂಡರೆ ಪೊಲೀಸಿನವರು ಬಿಡ್ತಾರಾ? ನಿನ್ನದು ಮೂರನೇ ಸಲ."

"ಹುಚ್ಚಯ್ಯ ಬರೋದು ಬೇಡ ಸ್ವಾಮಿ."

"ಅವನು ಖಾಯಂ. ತೆಗೆಯೋಕೆ ವಿಚಾರಣೆ ಆಗಬೇಕು. ಏನಂತ ಬರೆಯಲಿ, ಉರೀಲಿಲ್ಲ ಅಂತಲೇ?"

ಹುಚ್ಚಯ್ಯ ಲಾಂದ್ರದ ಗಾಜು ಒರೆಸುತ್ತ ನಿಂತಿದ್ದ. ಆರೋಗ್ಯಪ್ಪನ ಕಡೆ ನೋಡಲಿಲ್ಲ. ಆರೋಗ್ಯಪ್ಪ ಉರಿಯುತ್ತಿದ್ದ ದೀಪವನ್ನು ಬಹಳ ಹೊತ್ತು ನೋಡಿದ. ಆಮೇಲೆ ಪ್ಲಗ್ಗು ಕಿತ್ತ.

"ಗಂಧದ ಬಟ್ಟಲು ಎಲ್ಲಿದೆ ಸ್ವಾಮಿ?"

"ನೀನೇ ಹಚ್ಚಪ್ಪ" ಎಂದು ರಾಮಯ್ಯನವರು ಬಟ್ಟಲನ್ನು ಕೈಗೇ ಕೊಟ್ಟರು. "ತೆಗೆಯೋದಕ್ಕೆ ತಾನೆ ಜಾತಿ, ಅಪ್ಪಣೆ ಎಲ್ಲಾ. ಹಚ್ಚೋದಕ್ಕೆ ಏನೂ ಅಡ್ಡಿಯಿಲ್ಲ."

ಆರೋಗ್ಯಪ್ಪ ಗಟ್ಟಿ ಗಂಧವನ್ನು ಬೆರಳಲ್ಲಿ ತೆಗೆದು ಎರಡೂ ತೂತಿಗೆ ತುಂಬಿದ. ಎರಡನೆಯದಕ್ಕೆ ಸ್ವಲ್ಪ ಜಾಸ್ತಿಯೇ ಒತ್ತಿದ. ಮೇಲೆ ಕುಂಕುಮವಿಟ್ಟು ಪ್ಲಗ್ಗು ಚುಚ್ಚಿ ನೋಡಿದ, ಹತ್ತಲಿಲ್ಲ. ರಾಮಯ್ಯನವರು ಪುಸ್ತಕದಲ್ಲಿ 'ತೂತು 2' ಎಂಬುದರ ಮುಂದೆ ಗುರುತು ಹಾಕಿದರು. ಎಲ್ಲರೂ ಸಾಲಾಗಿ ನಿಂತು ಮಂಗಳಾರತಿ ತೆಗೆದುಕೊಂಡರು.