ಮಾಳಿಗೆಯ ಕಿಟಕಿಗೆ ಕಟ್ಟಿದ ಕಡಾಯಿ

ಹತ್ತನೇ ತರಗತಿಗೆ ನಿಮ್ನ ದರ್ಪಣದ ಪಾಠ ಮಾಡುತ್ತ ನಾನು ಹದಿನೆಂಟು ವರ್ಷ ಕಳೆದಿದ್ದೇನೆ. ಹಾಗಾಗಿ ನನ್ನ ಪುಟ್ಟ ಲ್ಯಾಪ್‌ಟಾಪಿಗೆ ವೈಫೈ ಸರಿಯಾಗಿ ಸಿಗದಿದ್ದಾಗ ಯಾರ ಸಹಾಯವನ್ನೂ ಕೇಳಲಿಲ್ಲ. ವಿಜ್ಞಾನ ಶಿಕ್ಷಕಿಯೇ ಮನೆಯಲ್ಲಿರುವಾಗ ಮೆಕ್ಯಾನಿಕ್ ಯಾಕೆ?

ಅಂದು ಹನ್ನೊಂದಕ್ಕೆ ಶಿಕ್ಷಣ ಇಲಾಖೆಯ ಅಧಿಕಾರಿಗಳು ಮತ್ತು ಜಿಲ್ಲೆಯ ವಿಜ್ಞಾನ ಶಿಕ್ಷಕರ ಮುಂದೆ ನನ್ನ ಆನ್‌ಲೈನ್ ಮಾದರಿ ಪಾಠ. ಗೆದ್ದರೆ ನಾನು ತರಬೇತುದಾರಳು. ಸೋತರೆ ಇಂಡಿಯಿಂದ ಮುದ್ದೇಬಿಹಾಳದವರೆಗೆ ಇಡೀ ಜಿಲ್ಲೆಯಲ್ಲಿ ನಗೆಪಾಟಲು!

ದೀಪಾವಳಿ ಹತ್ತಿರ ಬಂದಿತ್ತು. ನಮ್ಮ ಸಿಂದಗಿ ಮನೆಯ ಪಡಸಾಲೆಯಲ್ಲಿ ಅತ್ತೆ ಓಣಿಯ ಹೆಂಗಸರೊಂದಿಗೆ ಚಕ್ಲಿ ಮಾಡಲು ಕೂತಿದ್ದರು. ಆ ಗದ್ದಲದಲ್ಲಿ ಪಾಠ ಅಸಾಧ್ಯ. ಮಾಳಿಗೆಯ ಕೋಣೆಗೆ ಹೋದರೆ ವೈಫೈ ಒಂದೇ ಗೀಟು. ರೂಟರ್ ಕೆಳಗೆ ಪಡಸಾಲೆಯಲ್ಲಿತ್ತು.

ನನ್ನ ಹತ್ತಿರ ಲ್ಯಾಪ್‌ಟಾಪಿಗೆ ಸಿಕ್ಕಿಸುವ, ಉದ್ದ ವೈರಿನ ವೈಫೈ ಕಡ್ಡಿಯೊಂದಿತ್ತು. ಅದನ್ನು ಕಡಾಯಿಯ ನಡುವೆ ನಿಲ್ಲಿಸಿದರೆ, ಕಡಾಯಿ ನಿಮ್ನ ದರ್ಪಣದಂತೆ ಅಲೆಗಳನ್ನೆಲ್ಲ ಕಲೆಹಾಕಿ ಕಡ್ಡಿಗೆ ಒಪ್ಪಿಸಬೇಕು. ಸಿದ್ಧಾಂತ ನನ್ನದು. ಕಡಾಯಿ ಅತ್ತೆಯದು!

“ಸುನಂದಾ, ಕಡಾಯಿ ಎಲ್ಲಿಗೆ ಒಯ್ಯಾಕತ್ತಿ?”

“ಪಾಠಕ್ಕ ಬೇಕ್ರಿ ಅತ್ತಿ!”

“ಏನ್ ಪಾಠ, ಚಕ್ಲಿದೇನು?”

ಹೆಂಗಸರೆಲ್ಲ ಘೊಳ್ಳೆಂದು ನಕ್ಕರು.

ಕಡಾಯಿಯನ್ನು ಹಳೆಯ ಲಂಗದ ಲಾಡಿಯಿಂದ ಕಿಟಕಿಗೆ ಕಟ್ಟಿದೆ. ಲಾಡಿ ಒಂದು ಗಳಿಗೆ ವಿಚಾರ ಮಾಡಿತು. ಆಮೇಲೆ ಢಣ್! ಕಡಾಯಿ ಅಂಗಳದಲ್ಲಿತ್ತು. ಪಕ್ಕದಲ್ಲೇ ನಮ್ಮ ಯಜಮಾನರು.

“ಏ, ನನ್ನ ತಲಿ ಒಂದ್ ಗೇಣಿನಾಗ ಉಳೀತು!”

“ಅಲ್ಯಾಕ ನಿಂತೀರಿ? ಮ್ಯಾಲ ಪ್ರಯೋಗ ನಡದೈತಿ!”

ಪಾಪ, ಅವರೇ ಕಡಾಯಿಯನ್ನು ಮೇಲೆ ತಂದುಕೊಟ್ಟರು. ಈ ಸಲ ಸೀರೆಯಿಂದ ಬಿಗಿದು, ನಡುವೆ ವೈಫೈ ಕಡ್ಡಿ ನಿಲ್ಲಿಸಿದೆ. ಹನ್ನೊಂದಾಯಿತು. ತೆರೆಯ ಮೇಲೆ ಅಧಿಕಾರಿಗಳು ಬಾಯಿ ಅರ್ಧ ತೆರೆದು ಹಾಗೇ ನಿಂತುಬಿಟ್ಟರು. ಕಡಾಯಿಯನ್ನು ಎಡಕ್ಕೆ ತಿರುಗಿಸಿದೆ, ಬಾಯಿ ಮುಚ್ಚಲಿಲ್ಲ. ಬಲಕ್ಕೆ ತಿರುಗಿಸಿದೆ, ಅವರೇ ಮಾಯವಾದರು! ಬೆವರು ಒರೆಸಿಕೊಂಡು, ಕೊನೆಯ ಆಸೆಯಿಂದ ಮೆಟ್ಟಿಲ ಕಡೆಗೆ ತಿರುಗಿಸಿದೆ.

ಪೂರ್ತಿ ಗೀಟುಗಳು!

“ಗೆದ್ದೆ!” ಎಂದು ಕೂಗಿದೆ. ಮೈಕ್ ಚಾಲೂ ಇತ್ತು. ಜಿಲ್ಲೆಯೇ ಕೇಳಿಸಿಕೊಂಡಿತು.

ಇನ್ನು ಮುಚ್ಚಿಡುವುದೇನು? ತಯಾರಿಸಿದ್ದ ಪಾಠ ಬಿಟ್ಟು ಕಡಾಯಿಯನ್ನೇ ತೋರಿಸಿ, ಅಲೆಗಳು ಹೇಗೆ ಪ್ರತಿಫಲಿಸುತ್ತವೆ ಎಂದು ಮುಕ್ಕಾಲು ಗಂಟೆ ವಿವರಿಸಿದೆ. ಒಮ್ಮೆಯೂ ಮಾತು ಕಡಿಯಲಿಲ್ಲ. ಚಪ್ಪಾಳೆಯೋ ಚಪ್ಪಾಳೆ!

“ಇಂಥಾ ಪಾಠ ನಾ ನೋಡೇ ಇಲ್ರೀ ಮೇಡಂ!” ಎಂದರು ಅಧಿಕಾರಿಗಳು. “ಮುಂದಿನ ತರಬೇತಿ ನೀವೇ ಕೊಡ್ರಿ!”

ನೆಲದಿಂದ ನಾಲ್ಕು ಬೆರಳು ಮೇಲೆದ್ದು ಕಡಾಯಿ ಬಿಚ್ಚತೊಡಗಿದೆ. ಆಗ ಕಂಡಿತು, ಕಡ್ಡಿಯ ವೈರಿನ ತುದಿ. ಅದು ಲ್ಯಾಪ್‌ಟಾಪಿನಲ್ಲಿರಲಿಲ್ಲ. ಮಂಚದ ಕೆಳಗೆ ಆರಾಮಾಗಿ ಮಲಗಿತ್ತು!

ಬಾಗಿಲು ತೆರೆದೆ. ಮೇಲಿನ ಮೆಟ್ಟಿಲ ಮೇಲೆ ಯಜಮಾನರು ಎರಡೂ ಕೈಯಲ್ಲಿ ರೂಟರನ್ನು ತಲೆಯ ಮೇಲೆ ಎತ್ತಿ ಹಿಡಿದು ನಿಂತಿದ್ದರು. ಹಿಂದೆ ಪಡಸಾಲೆಯವರೆಗೆ ವೈರುಗಳು ಇಳಿಬಿದ್ದಿದ್ದವು.

“ಮುಗೀತೇನು? ಕೈ ಜೋಮು ಹಿಡದಾವ.”

“ಇದನ್ನ ಯಾವಾಗ ತಂದ್ರಿ?”

“ನೀ ಕಡಾಯಿ ತಿರುಗಸಾಕತ್ತಿದ್ಯಲ್ಲ, ಆವಾಗ. ಬಾಗಲ ಸಂದ್ಯಾಗಿಂದ ನೋಡಿದ್ರ, ಕೆಳಗ ಇಟ್ರ ಗೀಟು ಕಡಿಮಿ ಆಗ್ತಿದ್ವು. ಎತ್ತಿ ಹಿಡದ್ರ ತುಂಬ್ತಿದ್ವು. ಹಂಗ ನಿಂತ್ಬಿಟ್ಟೆ.”

ಮುಂದಿನ ತಿಂಗಳು ಬಸವನ ಬಾಗೇವಾಡಿಯಲ್ಲಿ ನನ್ನ ತರಬೇತಿ. ಪ್ರತಿಯೊಬ್ಬ ಶಿಕ್ಷಕರೂ ಒಂದೊಂದು ಕಡಾಯಿ ತರಬೇಕೆಂದು ಸುತ್ತೋಲೆಯೂ ಹೊರಟಿದೆ. ಕಡಾಯಿಗೇನು, ಎಲ್ಲರೂ ತರುತ್ತಾರೆ. ಅಷ್ಟು ಜನ ಯಜಮಾನರನ್ನು ನಾನು ಎಲ್ಲಿಂದ ಒದಗಿಸಲಿ!