ಸಮುದ್ರಕ್ಕೆ ಹೋದ ಕೌದಿಗಳು

"ಅವ್ವನ್ನ ಹಗಲುಹೊತ್ತಿನ್ಯಾಗ ಮಲಗಿಸ್ತೀನಿ! ಗೊರಕಿ ಹೊಡಿಸ್ತೀನಿ! ಫೋಟೋ ತಗದು ಗ್ರೂಪಿಗೆ ಹಾಕ್ತೀನಿ! ಇಲ್ಲಾಂದ್ರ ನನ್ ಹೆಸರು ಮಾಲತೇಶನ ಅಲ್ಲ!"

ಉಕ್ಕಿನ ಕಾರ್ಖಾನೆಯ ಕ್ಯಾಂಟೀನಿನಲ್ಲಿ, ಮಂಡಕ್ಕಿ ಒಗ್ಗರಣೆ-ಮಿರ್ಚಿಯ ತಟ್ಟೆಯನ್ನು ಗೆದ್ದ ಕಪ್ಪಿನ ಹಾಗೆ ಎತ್ತಿ ಹಿಡಿದು, ಕ್ರೇನ್ ಆಪರೇಟರ್ ಮಾಲತೇಶ್ ಮಾಡಿದ ಘನಘೋರ ಪ್ರತಿಜ್ಞೆ ಇದು. ಕಾರಣ ಸಣ್ಣದೇನಲ್ಲ. ಕಂಪನಿಯ ಸೇಫ್ಟಿ ಲಕ್ಕಿ ಡ್ರಾದಲ್ಲಿ ಅವನ ಚೀಟಿ ಎದ್ದಿತ್ತು! ಗೋವಾದ ಕಡಲ ದಂಡೆಯ ರೆಸಾರ್ಟಿನಲ್ಲಿ ಮನೆಮಂದಿಗೆಲ್ಲ ಎರಡು ದಿನ ಲಕ್ಷುರಿ ಸೂಟ್! ಮಾಲತೇಶನಿಗೆ ಅಲ್ಲಿಯವರೆಗೆ ಗೊತ್ತಿದ್ದ ಸೂಟ್ ಒಂದೇ, ಮದುವೆಯಲ್ಲಿ ಬಾಡಿಗೆಗೆ ತಂದು, ಕಂಕುಳಲ್ಲಿ ಹರಿದು, ವಾಪಸ್ ಕೊಟ್ಟದ್ದು.

ಜೊತೆಗಾರ ಹೊನ್ನೂರುಸ್ವಾಮಿ ನಕ್ಕ ನಗೆಗೆ ಮಿರ್ಚಿ ಗಂಟಲಲ್ಲಿ ಸಿಕ್ಕಿಕೊಂಡಿತು. "ನಿಮ್ಮವ್ವ? ಹಗಲು? ಮಲಗೋದು? ಲೇ, ಆ ಫೋಟೋ ಏನಾರ ಬಂದ್ರ ನಾನು ಮೀಸಿ ಬೋಳಿಸ್ತೀನಲೇ!"

ಅದು ಅಂತಿಂಥ ಮೀಸೆಯಲ್ಲ. ಹೆಲ್ಮೆಟ್ಟಿನ ಆಚೆಗೂ ಈಚೆಗೂ ಕಾಣುವಂಥ ಮೀಸೆ. ಅದನ್ನೇ ಪಣಕ್ಕಿಟ್ಟನೆಂದರೆ ಮಾಲತೇಶನ ಅವ್ವ ದುರುಗವ್ವನ ಮೇಲೆ ಅವನಿಗೆ ಎಂಥ ನಂಬಿಕೆ ಇರಬೇಕು ನೋಡಿ!

ನಂಬಿಕೆ ಸುಳ್ಳೂ ಅಲ್ಲ. ಮಾಲತೇಶ್ ಹುಟ್ಟಿದಾಗಿನಿಂದ ಅವ್ವ ಹಗಲು ಮಲಗಿದ್ದನ್ನು ಕಂಡಿಲ್ಲ. ಕಂಪ್ಲಿಯ ಗದ್ದೆಗಳಲ್ಲಿ ನಾಟಿ ಮಾಡುವಾಗಲೂ ಇಲ್ಲ. ಮಗನಿಗೆ ನೌಕರಿಯಾಗಿ ಕುರೆಕುಪ್ಪಕ್ಕೆ ಬಂದ ಮೇಲೂ ಇಲ್ಲ. "ಕುಂದ್ರಬೇ ಅವ್ವ" ಎಂದರೆ ಕೂರುತ್ತಿದ್ದಳು, ನಿಜ. ಆದರೆ ಕೂತಲ್ಲೇ ಹಳೇ ಸೀರೆ ಹರವಿಕೊಂಡು ಹಾಸಿ ಹೊದೆಯುವ ಕೌದಿ ಹೊಲಿಯುತ್ತಿದ್ದಳು! ಜ್ವರ ಬಂದಾಗ ಕೂಡ ಮಲಗದೆ, ಗೋಡೆಗೆ ಒರಗಿ ಅವರೆಕಾಯಿ ಬಿಡಿಸಿದ ಹೆಂಗಸು. ಇಂಥ ಅವ್ವನಿಗೆ ಒಂದೇ ಒಂದು ಮಧ್ಯಾಹ್ನ ನಿದ್ದೆ ಕೊಡಿಸಬೇಕು! ಮಾಲತೇಶನ ಜೀವ ಅದರಲ್ಲೇ ಸಿಕ್ಕಿಕೊಂಡಿತ್ತು. ಮೀಸೆ ಮೇಲಿನ ಲಾಭ.

ಹೊಸಪೇಟೆ ಸ್ಟೇಷನ್ನಿನಲ್ಲಿ ಗೋವಾ ರೈಲು ಹತ್ತುವಾಗಲೇ ಅವನಿಗೆ ಸಂಶಯ ಬರಬೇಕಿತ್ತು. ಅವ್ವನ ಪಕ್ಕದಲ್ಲಿ ಅವಳಿಗಿಂತ ಎತ್ತರದ ಒಂದು ಗಂಟು ನಿಂತಿತ್ತು. ಕೂಲಿಯವನು ಒಮ್ಮೆ ಎತ್ತಿ ನೋಡಿ, ಮೆಲ್ಲಗೆ ಕೆಳಗಿಟ್ಟು, ಬೇರೆ ಗಿರಾಕಿಯನ್ನು ಹುಡುಕಿಕೊಂಡು ಹೋದ.

"ಅವ್ವ, ಇದ್ರಾಗ ಏನೈತಬೇ?"

"ಹಾಸಿಗಿ."

"ಅಲ್ಲಿ ಹಾಸಿಗಿ ಇರ್ತಾವಬೇ! ಹಾಲಿನ ಕೆನಿ ಇದ್ದಂಗಿರ್ತಾವ!"

"ಇರ್ಲಿ ಬಿಡು. ಇವು ಬ್ಯಾರೆ."

ಮಾಲತೇಶ್ ಹೆಂಡತಿಯ ಕಡೆ ನೋಡಿದ. ಹೇಮಾವತಿ ಸಿಗ್ನಲ್ ಕಂಬದ ಕಡೆ ನೋಡಿದಳು. ಅವ್ವನಿಗೆ ಪರರ ಹಾಸಿಗೆಯಲ್ಲಿ ನಿದ್ದೆ ಬರುವುದಿಲ್ಲ, ಅದಕ್ಕೇ ತಂದಿದ್ದಾಳೆ! ನಿದ್ದೆಗೆ ಅನುಕೂಲವೇ ಆಯಿತು ಎಂದುಕೊಂಡು ನಮ್ಮ ವೀರ ಆ ಗಂಟನ್ನು ತಾನೇ ಬೆನ್ನ ಮೇಲೆ ಹೇರಿಕೊಂಡ.

ಬೆಳಿಗ್ಗೆ ರೆಸಾರ್ಟ್ ಮುಟ್ಟಿದರು. ಎಳನೀರು ಕೊಟ್ಟರು, ಕೊರಳಿಗೆ ಕವಡೆಯ ಹಾರ ಹಾಕಿದರು. ಸೂಟಿನ ಬಾಗಿಲು ತೆರೆದರೆ... ಅಬ್ಬಬ್ಬಾ! ಮಂಚದ ಈ ತುದಿಯಿಂದ ಆ ತುದಿಗೆ ಹೋಗಲು ಆಟೋ ಬೇಕು! ಸ್ನಾನದ ಮನೆಯೇ ಅವರ ಕುರೆಕುಪ್ಪದ ಮನೆಗಿಂತ ದೊಡ್ಡದು! ಮುಂದಿನ ಜಗಲಿಯಲ್ಲಿ, ಅವರಿಗೆಂದೇ, ಸೊಂಟದೆತ್ತರ ನೀರಿನ ಒಂದು ಪುಟ್ಟ ನೀಲಿ ಕೊಳ. ಅದರ ಅಂಚಿನಿಂದ ನೀರು ಸಣ್ಣ ಕಾಲುವೆಯಲ್ಲಿ ಜುಳುಜುಳು ಹರಿದು, ಮೆಟ್ಟಿಲು ಮೆಟ್ಟಿಲಾಗಿ ಇಳಿದು, ಕೆಳಗೆ ಎಲ್ಲರೂ ಈಜಾಡುವ ದೊಡ್ಡ ಕೊಳಕ್ಕೆ ಸೇರುತ್ತಿತ್ತು.

ದುರುಗವ್ವ ಹಾಸಿಗೆಯ ತುದಿಯಲ್ಲಿ, ಬಸ್ಸಿನಲ್ಲಿ ಅರ್ಧ ಸೀಟು ಸಿಕ್ಕವಳ ಹಾಗೆ ಕೂತಳು. ಕೂತವಳು ಎದ್ದಳು. "ಸಮುದ್ರ ನೋಡಿ ಬರ್ತೀನಿ."

ಹೋದಳು. ಮಗನೂ ಹಿಂದೆ ಹೋದ, ಆ ಭಾವುಕ ಕ್ಷಣವನ್ನು ವಿಡಿಯೋ ಮಾಡಲು. ದುರುಗವ್ವ ಸಮುದ್ರಕ್ಕೆ ಕೈ ಮುಗಿದಳು. ನೀರು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಆಮೇಲೆ ಸೊಂಟದಿಂದ ಬಟ್ಟೆ ಸೋಪಿನ ಬಿಲ್ಲೆ ತೆಗೆದು, ಸೆರಗಿನ ತುದಿಯನ್ನು ನೀರಲ್ಲಿ ಅದ್ದಿ, ಗಸಗಸ ಉಜ್ಜಿದಳು. ನೊರೆ ಬರಲಿಲ್ಲ. ಮತ್ತೂ ಉಜ್ಜಿದಳು. ಊಹೂಂ!

"ಇಷ್ಟು ನೀರಿಟ್ಕೊಂಡು ಏನ್ ಬಂತು? ಒಂದು ಕರವಸ್ತ್ರ ತೊಳಿಯಾಕ ಬರಂಗಿಲ್ಲ! ನಮ್ ಕಂಪ್ಲಿ ಕಾಲಿವಿನ ಎಷ್ಟೋ ಚಲೋ!" ಎಂದು ಅರಬ್ಬೀ ಸಮುದ್ರವನ್ನು ಅಲ್ಲೇ ಫೇಲ್ ಮಾಡಿ, ಸೂಟಿಗೆ ವಾಪಸ್ ನಡೆದಳು.

ಸೆರಗು ಕೊಳೆಯಾಗಿರಬೇಕು ಎಂದುಕೊಂಡ ಮಾಲತೇಶ್. ಅವನ ತಲೆಯಲ್ಲಿ ಬೇರೆ ಕಾರ್ಯಕ್ರಮವಿತ್ತು. ಹಿಬಿಸ್ಕಸ್ ಹೂಗಳು ಅರಳಿದ ಹೊಸ ಚಡ್ಡಿ ತೊಟ್ಟ, ಕಪ್ಪು ಕನ್ನಡಕ ಏರಿಸಿದ, ತೆಂಗಿನ ಮರದ ಕೆಳಗೆ ನಿಂತು ಹೊನ್ನೂರುಸ್ವಾಮಿಗೆ ವಿಡಿಯೋ ಕಾಲ್ ಹಚ್ಚಿದ. ಅತ್ತ ಕಡೆ ಇಡೀ ಶಿಫ್ಟೇ ಫೋನಿಗೆ ಮುಗಿಬಿದ್ದಿತ್ತು.

"ನೋಡ್ರಲೇ, ಸಮುದ್ರ! ನೋಡ್ರಲೇ, ನನ್ ಚಡ್ಡಿ!"

"ಚಡ್ಡಿ ಸಾಕು, ಅವ್ವನ್ನ ತೋರ್ಸಲೇ!" ಎಂದ ಹೊನ್ನೂರುಸ್ವಾಮಿ ಮೀಸೆ ತಿರುವುತ್ತ.

"ಅವ್ವನ್ನ? ಅವ್ವ ಈಗ ರಾಣಿಯಂಗ ಒರಗಿರ್ತಾಳ, ತಡಿ!"

ಫೋನನ್ನು ಮೆರವಣಿಗೆಯ ದೀಪದ ಹಾಗೆ ಎತ್ತಿ ಹಿಡಿದು ಮೆಟ್ಟಿಲು ಹತ್ತಿದ. ಮೇಲಿನಿಂದ ಏನೋ ಸದ್ದು. ಧಪ್! ಧಪ್! ಯಾರೋ ಅತಿಥಿಗಳಿಗಾಗಿ ಡೊಳ್ಳು ಬಾರಿಸುತ್ತಿದ್ದಾರೆ, ಏನು ಸೇವೆ ಇವರದು! ಎಂದು ಮೆಚ್ಚುತ್ತ ತಿರುವು ದಾಟಿ ಕ್ಯಾಮೆರಾ ತಿರುಗಿಸಿದ.

ದುರುಗವ್ವ ಸೀರೆ ಎತ್ತಿ ಕಟ್ಟಿ ಕೊಳದಲ್ಲಿ ನಿಂತಿದ್ದಳು. ಒಂದು ದೈತ್ಯ ಕೌದಿಯನ್ನು ತಲೆಯ ಮೇಲೆ ಬೀಸಿ ಕೊಳದ ಕಲ್ಲಿಗೆ ಅಪ್ಪಳಿಸುತ್ತಿದ್ದಳು. ಧಪ್! ಪಕ್ಕದಲ್ಲಿ ಹೇಮಾವತಿ ಇನ್ನೊಂದನ್ನು ಕಾಲಿನಿಂದ ತುಳಿಯುತ್ತಿದ್ದಳು. ರೆಸಾರ್ಟಿನವರು ಕೊಟ್ಟ ಘಮಘಮ ಸ್ನಾನದ ದ್ರವದ ಬಾಟಲಿಗಳೆಲ್ಲ ಬೋರಲು ಬಿದ್ದಿದ್ದವು. ನೊರೆ ಸೊಂಟ ದಾಟಿ ಮೇಲೇರುತ್ತಿತ್ತು.

ಫೋನಿನೊಳಗಿಂದ ಇಡೀ ಶಿಫ್ಟಿನ ಕೇಕೆ! "ಮೀಸಿ ಉಳೀತಲೇ!"

"ಅವ್ವಾ! ಏನ್ ಮಾಡಾಕತ್ತೀಬೇ?"

"ಕಾಣಂಗಿಲ್ಲೇನು? ಮಾನೌಮಿ ಬಂತು. ಹಾಸಿಗಿ ತೊಳಿಯೋದು ಬ್ಯಾಡೇನು?"

ಆಗ ಹೊಳೆಯಿತು ಮಾಲತೇಶನಿಗೆ. ವರ್ಷಾ ವರ್ಷಾ ಮಹಾನವಮಿಯ ಮುಂಚೆ ಮನೆಯ ಹಾಸಿಗೆ-ಹೊದಿಕೆಯನ್ನೆಲ್ಲ ಗಂಟು ಕಟ್ಟಿಕೊಂಡು ಕಂಪ್ಲಿಯ ಕಾಲುವೆಗೆ ಹೋಗಿ ತೊಳೆದು ತರುವುದು ಅವ್ವನ ಪದ್ಧತಿ. ಕುರೆಕುಪ್ಪದ ನಲ್ಲಿ ನೀರಿಗೆ ಕೌದಿಯ ಒಂದು ಮೂಲೆಯೂ ನೆನೆಯುವುದಿಲ್ಲ. ಈ ಸಲ ಕಂಪನಿಯವರು ಕೊಟ್ಟ ತಾರೀಖು ಸರಿಯಾಗಿ ಆ ದಿನಕ್ಕೇ ಬಂದು ಕೂತಿತ್ತು.

"ನೀರಿರೋ ಕಡಿಗೇ ಹೊಂಟೀವಿ, ಅಲ್ಲೇ ತೊಕ್ಕೊಂಡು ಬಂದ್ರಾತು ಅಂದ್ರು ಅತ್ತಿ," ಎಂದಳು ಹೇಮಾವತಿ, ತುಳಿಯುವುದನ್ನು ನಿಲ್ಲಿಸದೆ. "ನಿಮಗ ಮೊದ್ಲ ಹೇಳಿದ್ರ ಬಿಡ್ತಿದ್ರೇನ್ರಿ?"

"ಗಂಟು ಹೊತ್ಕೊಂಡು ಬಂದಾಂವ ನಾನಲ್ಲೇನ ಮಾರಾಯ್ತಿ!"

"ಅದಕ್ಕ ಹೇಳ್ಲಿಲ್ಲ."

"ಮಾತು ಸಾಕು, ಬಾ ಇಲ್ಲಿ," ಎಂದಳು ದುರುಗವ್ವ. "ಆ ತುದಿ ಹಿಡಿ. ಹಿಂಡಾಕ ಗಂಡಾಳು ಬೇಕು."

ನೀರು ಕುಡಿದ ಕೌದಿಯ ತೂಕ ಗೊತ್ತಲ್ಲ? ಹಗಲಿಡೀ ಟನ್ನುಗಟ್ಟಲೆ ಉಕ್ಕನ್ನು ಬೆರಳ ತುದಿಯಲ್ಲಿ ಎತ್ತುವ ಮಾಲತೇಶ್, ಫೋನನ್ನು ಹೂಕುಂಡಕ್ಕೆ ಒರಗಿಸಿಟ್ಟು, ಒಂದು ತುದಿ ಹಿಡಿದ. ಅವ್ವ ಬಲಕ್ಕೆ ತಿರುವಿದಳು. ಮಗ ಎದುರು ದಿಕ್ಕಿಗೆ ತಿರುವಬೇಕಿತ್ತು, ಅವನೂ ಅವ್ವ ತಿರುವಿದ ದಿಕ್ಕಿಗೇ ತಿರುವಿದ. ಕೌದಿ ಹೆಬ್ಬಾವಿನ ಹಾಗೆ ಒಮ್ಮೆ ಹೊರಳಿತು. ಅವ್ವ ಎಳೆದಳು. ಕವಡೆಯ ಹಾರ, ಕಪ್ಪು ಕನ್ನಡಕ, ಹಿಬಿಸ್ಕಸ್ ಹೂಗಳ ಸಮೇತ ಮಾಲತೇಶ್ ತಲೆಕೆಳಗಾಗಿ ಕೊಳಕ್ಕೆ! ಧಡಾರ್! ಫೋನಿನೊಳಗೆ ಚಪ್ಪಾಳೆ!

ಅಷ್ಟಕ್ಕೇ ಮುಗಿದಿದ್ದರೆ ಪುಣ್ಯ. ಅವನು ಬಿದ್ದ ರಭಸಕ್ಕೆ ತಳದ ನೀರೆಲ್ಲ ಮೇಲೆ ಬಂತು. ಆ ನೀರಿನ ಬಣ್ಣ ಕೆಂಪು! ಸಂಡೂರು ಗುಡ್ಡದ ಅದಿರಿನ ಧೂಳು, ಲಾರಿ ಲಾರಿಯಾಗಿ ಅವರ ಮನೆ ಮುಂದೆ ಹಾಯ್ದು, ವರ್ಷವಿಡೀ ಕೌದಿಗಳ ಹೊಟ್ಟೆ ಸೇರಿದ್ದು, ಈಗ ಒಮ್ಮೆಲೇ ಬಿಡುಗಡೆ ಪಡೆದಿತ್ತು. ಆ ಕೆಂಪು ನೀರು ಅಂಚು ದಾಟಿತು. ಕಾಲುವೆ ಹಿಡಿಯಿತು. ಮೆಟ್ಟಿಲು ಮೆಟ್ಟಿಲಾಗಿ ಇಳಿಯಿತು. ಕೆಳಗಿನ ದೊಡ್ಡ ಕೊಳದಲ್ಲಿ, ಗಾಳಿ ತುಂಬಿದ ಹಾಸಿಗೆಯ ಮೇಲೆ ತೇಲುತ್ತ ಕಣ್ಣು ಮುಚ್ಚಿದ್ದ ಒಬ್ಬ ದಪ್ಪ ಸಾಹೇಬರ ಸುತ್ತ ಹರಡಿತು.

ಸಾಹೇಬರು ಕಣ್ಣು ಬಿಟ್ಟರು.

"ಖೂನ್! ಖೂನ್!"

ಆಮೇಲಿನದನ್ನು ಏನೆಂದು ವರ್ಣಿಸುವುದು! ಸೀಟಿ ಊದಿದರು. ಸೆಕ್ಯೂರಿಟಿಯವರು ಓಡಿ ಬಂದರು. ಸ್ಟ್ರೆಚರ್ ಬಂತು. ಎಲ್ಲರ ಮುಂದೆ, ಸೀರೆಯ ನೆರಿಗೆ ಹಿಡಿದುಕೊಂಡು, ಕನ್ನಡದವರೇ ಆದ ಮ್ಯಾನೇಜರ್ ರಮಾ ಏದುಸಿರು ಬಿಡುತ್ತ ಬಂದರು. ಕಂಡದ್ದೇನು? ಕೆಂಪು ನೀರಲ್ಲಿ, ಕೊಳದ ಅಂಚಿಗೆ ಒರಗಿ ಮಿಸುಕದೆ ಬಿದ್ದ ಗಂಡಸು. ಅವನ ಮೇಲೆ ಕೌದಿ. ಕೌದಿಯ ತುದಿ ಹಿಡಿದು ನಿಂತ ಇಬ್ಬರು ಹೆಂಗಸರು!

"ಸಾರ್! ಬದುಕಿದ್ದೀರಾ?"

"ಇದೀನ್ರಿ ಮೇಡಂ," ಎಂದಿತು ಕೌದಿಯ ಕೆಳಗಿನಿಂದ ಒಂದು ದನಿ. "ಇದು ರಕ್ತ ಅಲ್ರಿ. ನಮ್ಮೂರ ಧೂಳು!"

ಮಾಲತೇಶ್ ಕೌದಿ ಸರಿಸಿ ಎದ್ದ. ಈಗ ಗಂಟುಮೂಟೆ ಹೊರಗೆ ಹಾಕುತ್ತಾರೆ. ಅವ್ವನ ಒಂದೇ ಒಂದು ಮಧ್ಯಾಹ್ನ, ಶುರುವಾಗುವ ಮುಂಚೆಯೇ ಮುಗಿಯಿತು. ಮೀಸೆ ಹಾಳಾಗಲಿ, ಇನ್ನೆಂದು ಇಂಥ ಚೀಟಿ ಏಳುತ್ತದೆ? ಕೈ ಜೋಡಿಸಿ ನಿಂತ. "ಮೇಡಂ, ನೀರು ನಾನ ಹೊರಗ ಚೆಲ್ತೀನ್ರಿ. ಕೊಳ ತಿಕ್ಕಿ ಕೊಡ್ತೀನ್ರಿ. ಅವ್ವ ಈವತ್ತು ಒಂದು ದಿನ ಇಲ್ಲಿ ಇರ್ಲಿ. ಆಕಿ ಮಲಗಬೇಕ್ರಿ."

ರಮಾ ಏನೋ ಗಡುಸಾಗಿ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ದುರುಗವ್ವ ಕೈ ಒರೆಸಿಕೊಂಡು ಬುತ್ತಿ ಬಿಚ್ಚಿಯಾಗಿತ್ತು. "ಭಾಳ ದಣದು ಓಡಿ ಬಂದಿ, ಕುಂದ್ರವ್ವ. ನಿಮ್ ನೀರು ಬಂಗಾರ ಬಿಡು. ಹಿಂಗ ಕೊಳಿ ಬಿಟ್ಟಿದ್ದ ನಾ ಕಂಡಿಲ್ಲ. ತಗಾ, ಸಜ್ಜಿ ರೊಟ್ಟಿ. ಶೇಂಗಾ ಚಟ್ನಿ ಖಾರ ಐತಿ, ಮ್ಯಾಲೆ ಮಸರು ಹಾಕ್ಕ."

ಒಂದು ಇಡೀ ರೆಸಾರ್ಟಿಗೆ ದಿನವೂ ಊಟ ಹಾಕಿಸುವ ಆ ಮೇಡಂಗೆ, "ಕೂತು ತಿನ್ನು" ಎಂದವರು ಬಹುಶಃ ಬಹಳ ದಿನಗಳಿಂದ ಯಾರೂ ಇರಲಿಲ್ಲ. ಅವರು ರೊಟ್ಟಿ ನೋಡಿದರು, ಸ್ಟ್ರೆಚರ್ ನೋಡಿದರು, ನೊರೆಯಲ್ಲಿ ನಿಂತ ಹಿಬಿಸ್ಕಸ್ ಚಡ್ಡಿ ನೋಡಿದರು. ನಗು ಒತ್ತಿ ಹಿಡಿಯಲು ಹೋಗಿ, ಆಗದೆ, ಜಗಲಿಯ ಕಟ್ಟೆಯ ಮೇಲೆ ಕೂತೇಬಿಟ್ಟರು.

"ಕೊಳ ನಮ್ಮವರು ತೊಳೀತಾರೆ. ಅಜ್ಜಿ, ಉಳಿದದ್ದನ್ನ ನಮ್ಮ ದೋಬಿ ಕಟ್ಟೆಯಲ್ಲಿ ಜಾಲಾಡಿಸಿಕೊಳ್ಳಿ. ಆದರೆ ಒಣಗಿಸೋದೆಲ್ಲಿ?"

ದುರುಗವ್ವ ಆಗಲೇ ಜಾಗ ನೋಡಿಟ್ಟಿದ್ದಳು. ಕಡಲ ದಂಡೆಯುದ್ದಕ್ಕೂ, ಬಿಸಿಲಿಗೆ ಮುಖ ಮಾಡಿ, ಸಾಲಾಗಿ ಖಾಲಿ ಬಿದ್ದಿದ್ದ ಒರಗು ಮಂಚಗಳು! "ಪಾಪ, ಕೌದಿ ಒಣಗಿಸಾಕಂತ ಎಷ್ಟು ಚಂದ ಮಾಡಿಟ್ಟಾರ ನೋಡು," ಎಂದಳು ಸೊಸೆಗೆ.

ಹೊತ್ತವನು ಯಾರು, ಹೇಳಬೇಕೆ? ಒಂದೊಂದೇ ಕೌದಿಯನ್ನು ಹರವುತ್ತ ಹೋದ ಮಾಲತೇಶ್ ಕೊನೆಯದರ ಮುಂದೆ ನಿಂತ. ನಡುವಿನ ತುಂಡು ಅವನ ಶಾಲೆಯ ಅಂಗಿ. ಅಂಚಿಗೆ ಅಪ್ಪನ ರುಮಾಲು. ಮೂಲೆಯಲ್ಲಿ ಮೊದಲ ನೌಕರಿಯ ಖಾಕಿ ಶರ್ಟು, ಕಿಡಿ ಬಿದ್ದು ತೂತಾದ ಜಾಗಕ್ಕೆ ಸುತ್ತಲೂ ಹೂವಿನ ಹೊಲಿಗೆ. ತಾನು ನೈಟ್ ಶಿಫ್ಟ್ ಮುಗಿಸಿ ಬಂದು ಹಗಲೆಲ್ಲ ಇದನ್ನೇ ಹೊದ್ದು ಮಲಗಿದ್ದು ನೆನಪಾಯಿತು. ಮನೆಯ ಹಗಲ ನಿದ್ದೆಯನ್ನೆಲ್ಲ ತಾನೊಬ್ಬನೇ ಖರ್ಚು ಮಾಡಿದ್ದ!

ಗಾಳಿ ಜೋರಿತ್ತು, ಬಿಸಿಲು ಜೋರಿತ್ತು. ಮೊದಲ ಕೌದಿ ಒಣಗಿತು. ದುರುಗವ್ವ ಅದನ್ನು ಮೂಸಿ ನೋಡಿ, ಆ ರಾಜಗಾತ್ರದ ಮಂಚದ ಪಕ್ಕ, ನೆಲದ ಮೇಲೆ ಹಾಸಿದಳು. ಕೂತಳು. ಕಾಲು ಚಾಚಿದಳು.

"ಮಾಲ್ತೇಶಾ."

"ಏನಬೇ?"

"ನಿಮ್ ಕಂಪನಿಯೋರಿಗೆ ಹೇಳು. ಬರೋ ವರ್ಷನೂ ಮಾನೌಮಿ ಮುಂದ ಕೊಡ್ರಿ ಅಂತ. ಪುಣ್ಯಾತ್ಮರು!"

ಮಾತು ಮುಗಿಯುತ್ತಲೇ ಗೊರಕೆ! ನಡುಹಗಲು! ಮಾಲತೇಶ್ ಬಾಗಿಲಲ್ಲಿ ಉಸಿರು ಬಿಗಿಹಿಡಿದು ನಿಂತ. ಹೇಮಾವತಿ ಅವನ ಕೈಗೆ ಫೋನ್ ಕೊಟ್ಟಳು. ಫೋಟೋ ತೆಗೆದ. ಕಳಿಸಿದ. ಅರ್ಧ ತಾಸಿಗೆ ಅತ್ತ ಕಡೆಯಿಂದ ಒಂದು ಫೋಟೋ ಬಂತು. ಮೀಸೆ ಇಲ್ಲದ ಹೊನ್ನೂರುಸ್ವಾಮಿ, ಸಿಪ್ಪೆ ಸುಲಿದ ಆಲೂಗಡ್ಡೆಯ ಹಾಗೆ. ಕೆಳಗೆ ಒಂದೇ ಸಾಲು: "ಎಬ್ಬಿಸಬ್ಯಾಡಲೇ."

ಗೆದ್ದೆ! ಎಂದು ಮೆಲ್ಲಗೆ ಹಾಲಿನ ಕೆನೆಯ ಹಾಸಿಗೆಯ ಕಡೆ ಹೆಜ್ಜೆ ಇಟ್ಟ ಮಾಲತೇಶನ ತೋಳನ್ನು ಹೆಂಡತಿ ಹಿಡಿದಳು. "ಎಲ್ಲಿಗಿ? ಕೌದಿ ಹೊಳ್ಳಿಸಿ ಹಾಕಿದ್ರೇನು? ಹಸಿ ಉಳದ್ರ ಅತ್ತಿ ಎದ್ದು ಕುಂದರ್ತಾರ ನೋಡ್ರಿ!"

ಓಡಿದ. ಸುಡುವ ಮರಳಿನಲ್ಲಿ, ಹಿಬಿಸ್ಕಸ್ ಚಡ್ಡಿಯಲ್ಲಿ, ಬಗ್ಗಿ ಬಗ್ಗಿ ಕೌದಿಗಳನ್ನು ಮಗುಚಿ ಹಾಕತೊಡಗಿದ. ಪಕ್ಕದ ಒರಗು ಮಂಚದಲ್ಲಿ ಅದೇ ದಪ್ಪ ಸಾಹೇಬರು, ಕಣ್ಣು ತೆರೆಯದೆಯೇ, ಬೆರಳು ಚಿಟಿಕೆ ಹೊಡೆದರು.

"ಏ ಭಯ್ಯಾ! ಇಧರ್! ಏಕ್ ಟವೆಲ್!"

ಲಕ್ಷುರಿ ಸೂಟಿನ ಒಡೆಯ ಮಾಲತೇಶ್ ಸೆಟೆದು ನಿಂತ. ಎದೆ ಉಬ್ಬಿಸಿದ. ತಾನು ಯಾರೆಂದು ಗೋವಾಕ್ಕೆಲ್ಲ ಕೇಳುವ ಹಾಗೆ ಹೇಳಲು ಬಾಯಿ ತೆರೆದ.

ಮೇಲೆ, ತೆರೆದ ಕಿಟಕಿಯಲ್ಲಿ, ಗೊರಕೆ ಒಂದು ಕ್ಷಣ ನಿಂತಿತು.

ಮಾಲತೇಶ್ ಬಗ್ಗಿ, ಸಾಹೇಬರ ಕಿವಿಯ ಹತ್ತಿರ ಬಾಯಿ ಇಟ್ಟು, ಪಿಸುಗುಟ್ಟಿದ:

"ಒಂದ ಸಾಕೇನ್ರಿ ಸರ್, ಎರಡು ತರ್ಲೋ?"